ಮಕ್ಕಳ ಹೊಟ್ಟೆನೋವು: ಸ್ಕ್ಯಾನಿಂಗ್ ಏನು ಹೇಳುತ್ತದೆ, ಎರಡನೇ ಸಲ ಏಕೆ ಬೇಕಾಗುತ್ತದೆ

ಟ್ರಸ್ಟಿಗೆ ಬರುವ ವೈದ್ಯಕೀಯ ನೆರವಿನ ಅರ್ಜಿಗಳನ್ನು ಓದಿ ಟಿಪ್ಪಣಿ ಬರೆಯುವ ಕೆಲಸ ನಿವೃತ್ತಿಯ ನಂತರ ನನ್ನ ಪಾಲಿಗೆ ಬಂದಿದೆ. ವಿದ್ಯಾರ್ಥಿವೇತನದ ಅರ್ಜಿಗಳ ಜೊತೆಗೇ ಇವೂ ಬರುತ್ತವೆ. ಓದುವ ಮಗುವಿಗೆ ಕಾಯಿಲೆ ಬಂದರೆ ಮನೆಯವರು ಮೊದಲು ಕೈ ಹಾಕುವುದು ಫೀಸಿಗೆಂದು ಎತ್ತಿಟ್ಟ ಹಣಕ್ಕೇ ತಾನೆ? ಈ ವರ್ಷ ನಮ್ಮ ದಾನಿಗಳಲ್ಲೊಬ್ಬರು ಲೆಕ್ಕಪತ್ರ ನೋಡುತ್ತಾ ಒಂದು ಪ್ರಶ್ನೆ ಕೇಳಿದರು: "ಒಂದೇ ಮಗುವಿಗೆ ಮೂರು ದಿನದ ಅಂತರದಲ್ಲಿ ಎರಡು ಸಲ ಹೊಟ್ಟೆಯ ಸ್ಕ್ಯಾನಿಂಗ್ ಬಿಲ್ ಇದೆಯಲ್ಲ, ಇದು ಸರಿಯೇ?" ಪ್ರಶ್ನೆ ನ್ಯಾಯವಾದದ್ದು. ದಾನದ ಹಣದ ಬಗ್ಗೆ ಕೇಳುವ ಹಕ್ಕು ಕೊಟ್ಟವರಿಗೆ ಇದ್ದೇ ಇದೆ. ಒಂದು ಮಾತಿನಲ್ಲಿ "ಸರಿ" ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಇದೇ ಅನುಮಾನ ತಂದೆತಾಯಿಗಳಿಗೂ ಬರುತ್ತದೆ, ಆ ಅನುಮಾನದಲ್ಲಿ ಒಂದು ದಿನ ತಡಮಾಡಿದರೆ ಮಗುವಿನ ಜೀವಕ್ಕೆ ಕುತ್ತು ಬರಬಹುದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಬಿ.ಎಡ್. ಮಾಡಿ ವಿಜ್ಞಾನ ಕಲಿಸಿದವನು. ತರಗತಿಯಲ್ಲಿ ಹೇಳುವಂತೆ ಹೇಳುತ್ತೇನೆ.

ಮೊದಲು ಸ್ಕ್ಯಾನಿಂಗ್ ಎಂದರೇನು ನೋಡೋಣ. ನಮ್ಮ ಶಾಲೆಯಿಂದ ಮಕ್ಕಳನ್ನು ವಿಜಯಪುರದ ಗೋಲ ಗುಮ್ಮಟಕ್ಕೆ ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ಮೇಲಿನ ಗ್ಯಾಲರಿಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿಸುತ್ತಿದ್ದೆ. ತಟ್ಟಿದ್ದು ಒಂದೇ ಚಪ್ಪಾಳೆ, ಕೇಳಿಸುವುದು ಹಲವು. ಧ್ವನಿ ಹೋಗಿ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಬರಲು ಎಷ್ಟು ಹೊತ್ತಾಯಿತು ಎಂದು ಅಳೆದರೆ ಗೋಡೆ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಬಹುದು. ಅಲ್ಟ್ರಾಸೌಂಡ್ ಯಂತ್ರ ಮಾಡುವುದೂ ಇದೇ ಲೆಕ್ಕವನ್ನು. ವೈದ್ಯರು ಹೊಟ್ಟೆಯ ಮೇಲೆ ಇಡುವ ಪ್ರೋಬ್ ಎಂಬ ಸಾಧನದಲ್ಲಿ ಒಂದು ಬಗೆಯ ಹರಳುಗಳಿವೆ. ವಿದ್ಯುತ್ ಕೊಟ್ಟರೆ ಅವು ಕಂಪಿಸಿ ಧ್ವನಿ ಹೊರಡಿಸುತ್ತವೆ, ಮರಳಿ ಬಂದ ಧ್ವನಿ ತಾಗಿದರೆ ವಿದ್ಯುತ್ ಹುಟ್ಟಿಸುತ್ತವೆ. ಹರಳುಗಳ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರಾದ ಜಾಕ್ ಮತ್ತು ಪಿಯರ್ ಕಂಡುಹಿಡಿದರು. ಈ ಪಿಯರ್ ಕ್ಯೂರಿಯೇ ಮುಂದೆ ಮೇರಿ ಕ್ಯೂರಿಯವರ ಪತಿ.

ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಧ್ವನಿ ಮಾತ್ರ ಕೇಳಿಸುತ್ತದೆ. ಮಕ್ಕಳ ಹೊಟ್ಟೆ ನೋಡಲು ಬಳಸುವ ಪ್ರೋಬ್ ಸೆಕೆಂಡಿಗೆ 70 ಲಕ್ಷದಿಂದ ಒಂದು ಕೋಟಿಗೂ ಮೇಲ್ಪಟ್ಟ ಕಂಪನಗಳ ಧ್ವನಿ ಕಳಿಸುತ್ತದೆ. ಆ ಧ್ವನಿ ಶರೀರದೊಳಗೆ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಓಡುತ್ತದೆ. 5 ಸೆಂಟಿಮೀಟರ್ ಆಳದ ಕರುಳಿಗೆ ತಾಗಿ ತಿರುಗಿ ಬರಲು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗವೂ ಬೇಡ. ಪರದೆಯ ಮೇಲಿನ ಕಪ್ಪು-ಬಿಳಿ ಚಿತ್ರ ಹೀಗೆ ತಿರುಗಿ ಬಂದ ಧ್ವನಿಗಳಿಂದ ಆದದ್ದು. ಇದರಲ್ಲಿ ಎಕ್ಸ್-ರೇ ಕಿರಣವಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಇದೆ. ಒಂದು ಎದೆಯ ಎಕ್ಸ್-ರೇಗಿಂತ ಎಷ್ಟೋ ಪಟ್ಟು ಹೆಚ್ಚು ಕಿರಣ ಹೊಟ್ಟೆಯ ಸಿಟಿ ಸ್ಕ್ಯಾನ್‌ನಲ್ಲಿ ಶರೀರಕ್ಕೆ ತಾಗುತ್ತದೆ, ಬೆಳೆಯುವ ಮಕ್ಕಳ ಜೀವಕೋಶಗಳು ಅದಕ್ಕೆ ಹೆಚ್ಚು ಸೂಕ್ಷ್ಮ. ಮಕ್ಕಳ ಹೊಟ್ಟೆನೋವಿಗೆ ವೈದ್ಯರು ಮೊದಲು ಅಲ್ಟ್ರಾಸೌಂಡ್ ಬರೆಯುವುದು ಇದಕ್ಕಾಗಿ. ಅದು ಅಗ್ಗದ ಪರೀಕ್ಷೆ ಎಂಬುದು ಆಮೇಲಿನ ಮಾತು.

ಈ ವಿಷಯದಲ್ಲಿ ಮಕ್ಕಳಿಗೆ ದೊಡ್ಡವರಿಗಿಂತ ಅನುಕೂಲವಿದೆ. ಹೊಟ್ಟೆಯ ಮೇಲೆ ಕೊಬ್ಬು ಕಡಿಮೆ, ಕರುಳು ಚರ್ಮಕ್ಕೆ ಹತ್ತಿರ. ಧ್ವನಿಯ ಕಂಪನ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟವಾಗುತ್ತದೆ, ಆದರೆ ಆಳಕ್ಕೆ ಇಳಿಯುವುದಿಲ್ಲ. ಮಕ್ಕಳಿಗೆ ಆಳ ಬೇಡವಾದ್ದರಿಂದ ಸ್ಪಷ್ಟ ಚಿತ್ರದ ಪ್ರೋಬ್ ಬಳಸಬಹುದು. ಅಡ್ಡಿಯಾಗುವುದು ಕರುಳಿನ ಗಾಳಿ. ಗಾಳಿ ಎದುರಾದರೆ ಧ್ವನಿ ಅಲ್ಲಿಂದಲೇ ತಿರುಗಿಬಿಡುತ್ತದೆ, ಹಿಂದೆ ಏನಿದೆ ಎಂದು ಕಾಣುವುದಿಲ್ಲ. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುವುದೂ ಪ್ರೋಬಿಗೂ ಚರ್ಮಕ್ಕೂ ನಡುವೆ ಗಾಳಿ ಉಳಿಯಬಾರದೆಂದೇ.

ಹಾಗಾದರೆ ಗಾಳಿ ತುಂಬಿದ ಕರುಳಿನ ನಡುವೆ ಬೆರಳಿಗಿಂತ ಸಣ್ಣದಾದ ಅಪೆಂಡಿಕ್ಸನ್ನು ಹುಡುಕುವುದು ಹೇಗೆ? 1986ರಲ್ಲಿ ನೆದರ್ಲೆಂಡ್ಸಿನ ರೇಡಿಯಾಲಜಿ ವೈದ್ಯ ಜೂಲಿಯನ್ ಪಾಯ್ಲಾರ್ಟ್ ಇದಕ್ಕೊಂದು ಸರಳ ಉಪಾಯ ಪ್ರಕಟಿಸಿದರು. ಪ್ರೋಬಿನಿಂದ ಹೊಟ್ಟೆಯನ್ನು ಮೆಲ್ಲಗೆ, ಹಂತಹಂತವಾಗಿ ಒತ್ತುತ್ತಾ ಹೋಗುವುದು. ಒತ್ತಿದಾಗ ಗಾಳಿ ಪಕ್ಕಕ್ಕೆ ಸರಿಯುತ್ತದೆ, ಆರೋಗ್ಯದ ಕರುಳು ಗಾಳಿಯಿಲ್ಲದ ಸೈಕಲ್ ಟ್ಯೂಬಿನಂತೆ ಚಪ್ಪಟೆಯಾಗುತ್ತದೆ. ಉರಿಯೂತವಾಗಿ ಬಾತ ಅಪೆಂಡಿಕ್ಸ್ ಮಾತ್ರ ಗಾಳಿ ತುಂಬಿದ ಟ್ಯೂಬಿನಂತೆ ಗಟ್ಟಿಯಾಗಿ ಹಾಗೇ ನಿಲ್ಲುತ್ತದೆ. ಅದರ ಅಡ್ಡಳತೆ ಸಾಮಾನ್ಯವಾಗಿ 6 ಮಿಲಿಮೀಟರಿಗಿಂತ ಹೆಚ್ಚಿರುತ್ತದೆ. ಸ್ಕ್ಯಾನಿಂಗ್ ಮಾಡುವಾಗ "ನೋಯುವ ಜಾಗವನ್ನೇ ಯಾಕೆ ಒತ್ತುತ್ತಾರೆ, ಮಗು ಅಳುತ್ತದೆ" ಎಂದು ತಾಯಂದಿರು ಬೇಸರಪಡುವುದನ್ನು ಕೇಳಿದ್ದೇನೆ. ಎಲ್ಲಿ ಒತ್ತಿದರೆ ನೋವು ಎಂಬುದೇ ಅರ್ಧ ಉತ್ತರ. ಒತ್ತದೆ ಬರೀ ಸವರಿ ಬಿಟ್ಟರೆ ಆ ಸ್ಕ್ಯಾನಿಂಗಿನಿಂದ ಹೆಚ್ಚು ಪ್ರಯೋಜನವಿಲ್ಲ.

ಪರದೆಯಲ್ಲಿ ಕೆಂಪು, ನೀಲಿ ಬಣ್ಣ ಕಂಡು ಗಾಬರಿಯಾಗುವವರೂ ಇದ್ದಾರೆ. ಅದು ರಕ್ತ ಸೋರುತ್ತಿರುವುದಲ್ಲ. ಡಾಪ್ಲರ್ ಎಂಬ ವಿಧಾನದಲ್ಲಿ ಪ್ರೋಬಿನ ಕಡೆಗೆ ಹರಿಯುವ ರಕ್ತವನ್ನು ಒಂದು ಬಣ್ಣದಲ್ಲಿ, ದೂರ ಹರಿಯುವುದನ್ನು ಇನ್ನೊಂದು ಬಣ್ಣದಲ್ಲಿ ಯಂತ್ರ ತೋರಿಸುತ್ತದೆ, ಅಷ್ಟೆ. ಉರಿಯೂತವಾದ ಜಾಗಕ್ಕೆ ರಕ್ತ ಹೆಚ್ಚು ನುಗ್ಗುವುದರಿಂದ ಅಲ್ಲಿ ಬಣ್ಣ ದಟ್ಟವಾಗಿ ಕಾಣುತ್ತದೆ.

ಅಪೆಂಡಿಕ್ಸ್ ಹೆಸರು ಎಲ್ಲರೂ ಕೇಳಿರುತ್ತೀರಿ. ಅದರಂತೆಯೇ ನೋವು ಕೊಡುವ, ಹೆಸರೇ ಕೇಳದ ಇನ್ನೊಂದಿದೆ. ಅದು ಮೆಕೆಲ್ ಚೀಲ. ಮೇಲೆ ಹೇಳಿದ ಎರಡು ಬಿಲ್ಲುಗಳ ಹಿಂದೆ ಇದ್ದದ್ದು ಇದೇ.

ತಾಯಿಯ ಗರ್ಭದಲ್ಲಿ ಮಗು ಇನ್ನೂ ಕಾಳಿನಷ್ಟಿರುವಾಗ ಅದರ ಕರುಳಿಗೂ ಹೊಕ್ಕುಳ ಕಡೆಯ ಪೋಷಕ ಚೀಲಕ್ಕೂ ನಡುವೆ ಒಂದು ಸಣ್ಣ ನಾಳವಿರುತ್ತದೆ. ಗರ್ಭದ ಎರಡನೇ ತಿಂಗಳಿನಲ್ಲಿ ಅದರ ಕೆಲಸ ಮುಗಿದು ಅದು ಮುಚ್ಚಿ, ಕರಗಿ ಹೋಗಬೇಕು. ಕೆಲವರಲ್ಲಿ ಪೂರ್ತಿ ಕರಗುವುದಿಲ್ಲ. ಕರುಳಿನ ಕಡೆಯ ತುದಿ ಒಂದು ಕಡೆ ಮುಚ್ಚಿದ ಸಣ್ಣ ಚೀಲವಾಗಿ ಉಳಿದುಬಿಡುತ್ತದೆ. ಇಂಥ ಚೀಲವನ್ನು 1598ರಲ್ಲೇ ಫೆಬ್ರಿಷಿಯಸ್ ಹಿಲ್ಡಾನಸ್ ಎಂಬ ಶಸ್ತ್ರವೈದ್ಯ ಗುರುತಿಸಿದ್ದ. ಆದರೆ ಅದು ಎಲ್ಲಿಂದ ಬಂತು ಎಂಬುದನ್ನು 1809ರಲ್ಲಿ ವಿವರಿಸಿದವನು ಜರ್ಮನಿಯ ಹಾಲೆ ಊರಿನ ಅಂಗರಚನಾ ವಿಜ್ಞಾನಿ ಯೋಹಾನ್ ಫ್ರೆಡ್ರಿಕ್ ಮೆಕೆಲ್. ಅದಕ್ಕೇ ಅವನ ಹೆಸರು.

ವೈದ್ಯ ವಿದ್ಯಾರ್ಥಿಗಳಿಗೆ ಇದನ್ನು ಎರಡರ ಮಗ್ಗಿಯಂತೆ ಬಾಯಿಪಾಠ ಮಾಡಿಸುತ್ತಾರಂತೆ: ನೂರರಲ್ಲಿ ಸುಮಾರು 2 ಜನರಿಗೆ ಇರುತ್ತದೆ, ಸುಮಾರು 2 ಅಂಗುಲ ಉದ್ದ, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಿಂದ ಸುಮಾರು 2 ಅಡಿ ಹಿಂದೆ, ತೊಂದರೆ ಕೊಡುವುದಾದರೆ ಹೆಚ್ಚಾಗಿ 2 ವರ್ಷದೊಳಗೆ. ಮಗ್ಗಿ ನೆನಪಿಗೆ ಒಳ್ಳೆಯದು, ಮಗುವಿನ ಹೊಟ್ಟೆ ಮಗ್ಗಿ ಓದಿರುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಆ 2 ಅಡಿ ಇನ್ನೂ ಕಡಿಮೆ ಇರುತ್ತದೆ, ಹತ್ತು ಹನ್ನೆರಡು ವರ್ಷದ ಮಕ್ಕಳಿಗೂ ತೊಂದರೆ ಬರುವುದುಂಟು. ಈ ಚೀಲ ಇರುವವರಲ್ಲಿ ಬಹುಪಾಲು ಜನ ಅದು ಇದೆಯೆಂದು ತಿಳಿಯದೆಯೇ ಜೀವನ ಮುಗಿಸುತ್ತಾರೆ ಎಂಬುದನ್ನೂ ಹೇಳಬೇಕು. ಇದನ್ನು ಓದಿ ಯಾರೂ ಆರೋಗ್ಯದಿಂದಿರುವ ಮಗುವನ್ನು ಸ್ಕ್ಯಾನಿಂಗಿಗೆ ಎಳೆದೊಯ್ಯಬೇಕಿಲ್ಲ.

ತೊಂದರೆ ಕೊಟ್ಟರೆ ಮೂರು ರೀತಿ. ಕೆಲವರ ಚೀಲದ ಒಳಪದರದಲ್ಲಿ ಜಠರದ ಜೀವಕೋಶಗಳು ಸೇರಿಕೊಂಡಿರುತ್ತವೆ. ಅವು ಅಲ್ಲಿಯೂ ಆಮ್ಲ ಸುರಿಸುತ್ತವೆ, ಪಕ್ಕದ ಕರುಳಿಗೆ ಹುಣ್ಣಾಗಿ ರಕ್ತ ಹೋಗುತ್ತದೆ. ನೋವೇ ಇಲ್ಲದೆ ಮಲದಲ್ಲಿ ಕಡುಗೆಂಪು ರಕ್ತ ಬಂದರೆ ವೈದ್ಯರು ಇದನ್ನು ನೆನೆಯುತ್ತಾರೆ. ಆಗ ಅಲ್ಟ್ರಾಸೌಂಡಿಗಿಂತ ಟೆಕ್ನೀಷಿಯಂ ಎಂಬ ಔಷಧ ಕೊಟ್ಟು ಮಾಡುವ ಬೇರೆ ಸ್ಕ್ಯಾನ್ ಹೆಚ್ಚು ಉಪಯೋಗಿ, ಏಕೆಂದರೆ ಆ ಔಷಧ ಜಠರದ ಜೀವಕೋಶಗಳಲ್ಲಿ ಹೋಗಿ ಕೂಡುತ್ತದೆ. ಎರಡನೆಯದು ಕರುಳಿಗೆ ತಡೆ. ಕಾಲುಚೀಲ ಬಿಚ್ಚುವಾಗ ಒಳಗೊಳಗೇ ಮಡಚಿಕೊಳ್ಳುವಂತೆ ಕರುಳಿನೊಳಗೆ ಕರುಳು ಹೊಕ್ಕುಬಿಡುತ್ತದೆ. ಮೆಕೆಲ್ ಚೀಲ ಇಲ್ಲದ ಮಕ್ಕಳಲ್ಲೂ, ಮುಖ್ಯವಾಗಿ ಮೂರು ತಿಂಗಳಿಂದ ಮೂರು ವರ್ಷದೊಳಗಿನವರಲ್ಲಿ, ಇದು ಆಗುತ್ತದೆ. ಅಲ್ಟ್ರಾಸೌಂಡಿನಲ್ಲಿ ಇದು ಉಂಗುರದೊಳಗೆ ಉಂಗುರವಿಟ್ಟಂತೆ ಕಾಣುತ್ತದೆ, ಅಭ್ಯಾಸವಿರುವ ವೈದ್ಯರಿಗೆ ತಪ್ಪುವುದು ಅಪರೂಪ. ಬೇಗ ಬಂದರೆ ಬಹಳಷ್ಟು ಮಕ್ಕಳಲ್ಲಿ ಗುದದ್ವಾರದಿಂದ ಗಾಳಿ ಅಥವಾ ಸಲೈನ್ ಒತ್ತಡದಲ್ಲಿ ಬಿಟ್ಟು, ಆಪರೇಷನ್ ಇಲ್ಲದೆಯೇ ಬಿಡಿಸುತ್ತಾರೆ. ತಡವಾದರೆ ಆ ಅವಕಾಶ ಹೋಗುತ್ತದೆ.

ಮೂರನೆಯದು ಉರಿಯೂತ. ಚೀಲ ಬಾತು ಕೀವಾಗುವುದು. ನೋವು, ಜ್ವರ, ವಾಂತಿ ಎಲ್ಲ ಅಪೆಂಡಿಕ್ಸಿನ ಹಾಗೆಯೇ. ಅಲ್ಟ್ರಾಸೌಂಡ್ ಮಾಡುವವರಿಗೆ ಇದು ನಿಜವಾದ ಪರೀಕ್ಷೆ. ಬಾಯಿ ಮುಚ್ಚಿದ, ಗೋಡೆ ದಪ್ಪಗಾದ, ಒತ್ತಿದರೂ ಚಪ್ಪಟೆಯಾಗದ ಒಂದು ಕೊಳವೆ ಅಥವಾ ನೀರ ಹನಿಯ ಆಕಾರದ ಚೀಲ ಕಾಣುತ್ತದೆ. ಕರುಳಿಗೆ ಇರುವ ಪದರಗಳೇ ಅದರ ಗೋಡೆಗೂ ಇರುತ್ತವೆ, ಸುತ್ತಲಿನ ಕೊಬ್ಬು ಬಾತು ಬೆಳ್ಳಗೆ ಕಾಣುತ್ತದೆ. ಇದು ಅಪೆಂಡಿಕ್ಸೇ ಇರಬೇಕು ಎನ್ನಿಸುವುದು ಸಹಜ. ಬೇರೆ ಎಂದು ಹೇಳಲು ಎರಡು ಗುರುತು: ಅದು ದೊಡ್ಡ ಕರುಳಿನ ಬುಡದಿಂದ ಹೊರಟಿರುವುದಿಲ್ಲ, ಅದಕ್ಕಿಂತ ದೂರದಲ್ಲಿ, ಅನೇಕ ಸಲ ಹೊಕ್ಕುಳ ಹತ್ತಿರ ಇರುತ್ತದೆ. ಮತ್ತು ಹುಡುಕಿದರೆ ನಿಜವಾದ ಅಪೆಂಡಿಕ್ಸ್ ಬೇರೆಯಾಗಿ, ಆರೋಗ್ಯವಾಗಿ ಕಾಣಸಿಗುತ್ತದೆ. ಎರಡನೆಯ ಗುರುತಿಗೆ ತಾಳ್ಮೆ ಬೇಕು. ಸಾಲುಗಟ್ಟಿ ರೋಗಿಗಳು ಕೂತಿರುವ ಕಡೆ ಆ ತಾಳ್ಮೆ ಸಿಗುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಬಿಲ್ಲಿನ ವಿಷಯಕ್ಕೆ ಬರುತ್ತೇನೆ. ಹುಡುಗ ಆರನೇ ತರಗತಿ, ನಮ್ಮ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಇರುವವನೇ. ತಂದೆ ಗೂಡ್ಸ್ ಆಟೋ ಓಡಿಸುತ್ತಾರೆ. ಮೊದಲ ದಿನ ಹೊಕ್ಕುಳ ಸುತ್ತ ನೋವು ಎಂದ. ಅಜ್ಜಿ "ಬಟ್ಟಿ ಬಿದ್ದೈತಿ" ಎಂದು ಓಣಿಯ ಒಬ್ಬಾಕೆಯಿಂದ ಹೊಟ್ಟೆ ತಿಕ್ಕಿಸಿದರು. ರಾತ್ರಿ ವಾಂತಿಯಾಯಿತು. ಮರುದಿನ ವೈದ್ಯರು ಬರೆದುಕೊಟ್ಟಂತೆ ತಾಲ್ಲೂಕಿನಲ್ಲಿ ಸ್ಕ್ಯಾನಿಂಗ್ ಆಯಿತು. ಅಪೆಂಡಿಕ್ಸ್ ಕಾಣಿಸಲಿಲ್ಲ, ಕರುಳಿನ ಹತ್ತಿರದ ಗ್ರಂಥಿಗಳು ಸ್ವಲ್ಪ ದೊಡ್ಡದಾಗಿವೆ ಎಂದು ವರದಿ ಬಂತು. ನೋವು ಹೆಚ್ಚಾದರೆ ಮತ್ತೆ ತೋರಿಸಿ ಎಂದು ವೈದ್ಯರು ಹೇಳಿ ಕಳಿಸಿದರು. ಹೇಳಿದ್ದು ಸರಿಯಾಗಿಯೇ ಇತ್ತು. ಮೂರನೇ ದಿನ ಜ್ವರ ಏರಿತು, ಹುಡುಗ ಬಗ್ಗಿಕೊಂಡೇ ನಡೆಯತೊಡಗಿದ. ಜಿಲ್ಲಾ ಕೇಂದ್ರಕ್ಕೆ ಹೋಗಿ ಮತ್ತೆ ಸ್ಕ್ಯಾನಿಂಗ್ ಮಾಡಿಸಿ ಎಂದಾಗ ತಂದೆ ನಮ್ಮ ಮನೆಗೆ ಬಂದರು.

"ಸರ್ರ, ಮೊನ್ನೆರ ಮಾಡ್ಸೀವ್ರೀ. ಮತ್ತ ಅದನ್ನ ಮಾಡ್ಸು ಅಂತಾರ. ರೊಕ್ಕದ ಸಲುವಾಗಿ ಅನ್ನಾಕತ್ತಾರೇನ್ರೀ?"

"ಮೊನ್ನೆ ಹುಡುಗ ನೆಟ್ಟಗ ನಡೀತಿದ್ದನೇನಪಾ?" ಎಂದು ಕೇಳಿದೆ. "ಹೌದ್ರೀ" ಎಂದರು. "ಇವತ್ತು?" ಎಂದೆ. ಅವರು ಮಾತಾಡಲಿಲ್ಲ, ಆಟೋ ತಿರುಗಿಸಿದರು. ಅಲ್ಲಿ ರೇಡಿಯಾಲಜಿಸ್ಟ್ ಸುಮಾರು ಅರ್ಧ ಗಂಟೆ ಒತ್ತಿ ಒತ್ತಿ ನೋಡಿದರಂತೆ. ಆರೋಗ್ಯದ ಅಪೆಂಡಿಕ್ಸ್ ಬಲಗಡೆ ಸಿಕ್ಕಿತು. ಹೊಕ್ಕುಳ ಕೆಳಗೆ ಬಾತ ಚೀಲವೂ ಸಿಕ್ಕಿತು. ಅದೇ ರಾತ್ರಿ ಆಪರೇಷನ್ ಮಾಡಿ, ಚೀಲವನ್ನು ಅದರ ಬುಡದ ತುಂಡು ಕರುಳಿನ ಸಮೇತ ತೆಗೆದು, ಕರುಳನ್ನು ಜೋಡಿಸಿದರು. ಇನ್ನೂ ಒಡೆದಿರಲಿಲ್ಲ. ಹುಡುಗ ಈಗ ಏಳನೇ ತರಗತಿಗೆ ಬಂದಿದ್ದಾನೆ.

ಮೊದಲ ಸ್ಕ್ಯಾನಿಂಗ್ ದಂಡವಾಯಿತೇ? ಇಲ್ಲ. ಕಾಯಿಲೆ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಮೊದಲ ದಿನ ಬಾವು ಅಲ್ಪ, ಅದರ ಮುಂದೆ ಗಾಳಿ ತುಂಬಿದ ಕರುಳು. ಬಾಯದ ಮೆಕೆಲ್ ಚೀಲ ಪಕ್ಕದ ಕರುಳಿನಂತೆಯೇ ಕಾಣುತ್ತದೆ, ಬೇರೆ ಮಾಡಿ ಗುರುತಿಸುವುದು ಯಾರಿಗೂ ಕಷ್ಟ. ಬಾತ ಮೇಲೆ ಕಾಣುತ್ತದೆ. ಎರಡನೇ ಸ್ಕ್ಯಾನಿಂಗ್ ಮೊದಲನೆಯದರ ನಕಲಲ್ಲ, ಅದು ಬೇರೆ ದಿನದ ಹೊಟ್ಟೆಯನ್ನು ನೋಡುತ್ತದೆ. ಕಿರಣವಿಲ್ಲದ ಪರೀಕ್ಷೆಯಾದ್ದರಿಂದ ಮತ್ತೆ ಮಾಡಿದರೆ ಮಗುವಿಗೆ ತೊಂದರೆಯೂ ಇಲ್ಲ. ಹಾಗೆಂದು ಅಲ್ಟ್ರಾಸೌಂಡಿಗೆ ಎಲ್ಲವೂ ಕಾಣುತ್ತದೆ ಎಂದುಕೊಳ್ಳಬೇಡಿ. ಕೆಲವು ಸಲ ಸಿಟಿ ಸ್ಕ್ಯಾನ್ ಬೇಕೇ ಬೇಕಾಗುತ್ತದೆ. ಇನ್ನು ಕೆಲವು ಸಲ ಅಪೆಂಡಿಕ್ಸ್ ಎಂದು ಹೊಟ್ಟೆ ತೆರೆದಾಗ ಅದು ಆರೋಗ್ಯವಾಗಿರುತ್ತದೆ. ಆಗ ಸರ್ಜನರು ಸಣ್ಣ ಕರುಳಿನ ಕೊನೆಯ ಭಾಗವನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ಹುಡುಕುತ್ತಾ ಹೋಗಿ ಮೆಕೆಲ್ ಚೀಲ ಇದೆಯೇ ನೋಡುತ್ತಾರೆ.

ವರದಿ ಕೈಗೆ ಬಂದಾಗ ಅದು ಇಂಗ್ಲಿಷಿನಲ್ಲಿರುತ್ತದೆ, ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೋ ಮಗನೋ ಓದಿ ಹೇಳುತ್ತಾರೆ. ಅವರಿಗೆ ಎರಡು ಮೂರು ಮಾತು ಹೇಳಿಕೊಡುತ್ತೇನೆ. "ಅಪೆಂಡಿಕ್ಸ್ ನಾಟ್ ವಿಶುವಲೈಸ್ಡ್" ಎಂದಿದ್ದರೆ ಕಾಣಲಿಲ್ಲ ಎಂದಷ್ಟೇ ಅರ್ಥ, ನಾರ್ಮಲ್ ಎಂದಲ್ಲ. ಈ ವ್ಯತ್ಯಾಸ ತಿಳಿಯದೆ "ಏನೂ ಇಲ್ಲವಂತೆ" ಎಂದು ಮನೆಗೆ ಬರುವವರೇ ಹೆಚ್ಚು. "ಮೆಸೆಂಟೆರಿಕ್ ಲಿಂಫ್ ನೋಡ್ಸ್" ಎಂದರೆ ಕರುಳಿನ ಹತ್ತಿರದ ಸಣ್ಣ ಗ್ರಂಥಿಗಳು. ಸಾಮಾನ್ಯ ಸೋಂಕಿನಲ್ಲೂ ಅವು ಮಕ್ಕಳಲ್ಲಿ ದೊಡ್ಡದಾಗುತ್ತವೆ, ತಾವಾಗಿ ಇಳಿಯುತ್ತವೆ. ಟಿ.ಬಿ. ಇದ್ದರೂ ದೊಡ್ಡದಾಗುತ್ತವೆ, ಆದ್ದರಿಂದ ಗ್ರಂಥಿ ಎಂದೊಡನೆ ಹೆದರಲೂ ಬೇಡಿ, ಸುಮ್ಮನೆ ಬಿಡಲೂ ಬೇಡಿ. ಕೊನೆಯಲ್ಲಿ "ಕ್ಲಿನಿಕಲ್ ಕೋರಿಲೇಷನ್" ಎಂದು ಬರೆದಿರುತ್ತದೆ. ಮಗುವನ್ನು ಮುಟ್ಟಿ ನೋಡಿದ ವೈದ್ಯರೇ ಇದನ್ನು ಕಾಯಿಲೆಯ ಲಕ್ಷಣಗಳಿಗೆ ಹೊಂದಿಸಿ ತೀರ್ಮಾನಿಸಬೇಕು ಎಂದರ್ಥ. ವರದಿ ಹಿಡಿದು ಮನೆಗೆ ಬಾರದೆ ಮತ್ತೆ ಅದೇ ವೈದ್ಯರ ಬಳಿಗೆ ಹೋಗಬೇಕು.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಲೇಬೇಕು. ಬಲಗೆಳ ಹೊಟ್ಟೆಯ ನೋವು ಅಂಡಾಶಯ ತಿರುಚಿಕೊಂಡದ್ದರಿಂದಲೂ ಬರಬಹುದು. ಅದಕ್ಕೂ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು, ಅದನ್ನೂ ಅಲ್ಟ್ರಾಸೌಂಡಿನಲ್ಲೇ ನೋಡುತ್ತಾರೆ. ಸಂಕೋಚದಿಂದ ಹುಡುಗಿ ಹೇಳುವುದಿಲ್ಲ, ಮನೆಯವರು "ತಿಂಗಳ ನೋವು" ಎಂದು ಬಿಡುತ್ತಾರೆ. ಸ್ಕ್ಯಾನಿಂಗಿಗೆ ಹೊಟ್ಟೆಯ ಭಾಗದ ಬಟ್ಟೆಯನ್ನಷ್ಟೇ ಸರಿಸುತ್ತಾರೆ. ತಾಯಿ ಪಕ್ಕದಲ್ಲಿರಬಹುದು, ಮಹಿಳಾ ಸಿಬ್ಬಂದಿ ಇರಲಿ ಎಂದು ಕೇಳಬಹುದು, ಕೇಳುವುದರಲ್ಲಿ ತಪ್ಪಿಲ್ಲ. ಇನ್ನು ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲಿ ಭ್ರೂಣಲಿಂಗ ಪತ್ತೆ ಅಪರಾಧ ಎಂಬ ಫಲಕ ನೋಡಿ "ಇದು ಬಸುರಿಯರ ಜಾಗ" ಎಂದು ಹಿಂಜರಿಯುವ ಅಜ್ಜಿಯರಿದ್ದಾರೆ. ಆ ಫಲಕ 1994ರ ಕಾಯ್ದೆಯದು. ಯಂತ್ರ ಒಂದೇ, ಕೆಲಸ ಬೇರೆ.

ಯಾವಾಗ ಕಾಯಬಾರದು? ಹಸಿರು ಬಣ್ಣದ ವಾಂತಿ, ಅದರಲ್ಲೂ ಹಸುಗೂಸಿಗೆ ಆದರೆ, ಬೆಳಗಾಗಲಿ ಎನ್ನಬೇಡಿ. ಕರುಳು ತಿರುಚಿಕೊಂಡಿರಬಹುದು. ಕೂಸು ಕಾಲು ಮಡಚಿ ಚೀರಿ ಅತ್ತು, ಸ್ವಲ್ಪ ಹೊತ್ತು ಸುಮ್ಮನಾಗಿ, ಮತ್ತೆ ಹಾಗೇ ಅಳುವುದು. ಮಲದಲ್ಲಿ ರಕ್ತ ಅಥವಾ ಕೆಂಪು ಲೋಳೆ. ಹೊಕ್ಕುಳ ಸುತ್ತ ಆರಂಭವಾದ ನೋವು ಬಲಗಡೆ ಕೆಳಕ್ಕೆ ಇಳಿಯುವುದು. ಹಲಗೆಯಂತೆ ಗಟ್ಟಿಯಾದ ಹೊಟ್ಟೆ. ಕುಣಿದಾಡುವ ಮಗು ಒಂದು ಹೆಜ್ಜೆ ಹಾರಲೂ ಒಲ್ಲೆನ್ನುವುದು. ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಬಟ್ಟಿ ತೆಗೆಸುವುದು, ಹೊಟ್ಟೆ ತಿಕ್ಕಿಸುವುದು, ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವುದು ಬೇಡ. ಬಾತು ಕೀವಾದ ಕರುಳನ್ನು ತಿಕ್ಕಿದರೆ ಅದು ಒಡೆಯಬಹುದು. ನಮ್ಮ ಹಿರಿಯರ ಮೇಲಿನ ಗೌರವ ನನಗೂ ಇದೆ. ಓಮದ ನೀರಿನವರೆಗೆ ನನ್ನ ತಕರಾರಿಲ್ಲ, ಅದೂ ಮಗು ವಾಂತಿ ಮಾಡಿಕೊಳ್ಳದೆ ಆಡಿಕೊಂಡಿದ್ದರೆ ಮಾತ್ರ. ಮೇಲಿನ ಲಕ್ಷಣಗಳಿದ್ದಾಗ ಆಪರೇಷನ್ ಬೇಕಾಗಬಹುದಾದ್ದರಿಂದ ಏನನ್ನೂ ತಿನ್ನಿಸದೆ, ಕುಡಿಸದೆ ಕರೆದೊಯ್ಯುವುದು ಒಳ್ಳೆಯದು.

ಖರ್ಚಿನ ವಿಷಯ. ಬಿಪಿಎಲ್ ಕಾರ್ಡ್ ಇರುವ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ದಾಖಲಾಗುವಾಗಲೇ ರೇಷನ್ ಕಾರ್ಡ್, ಆಧಾರ್ ಎರಡನ್ನೂ ತೋರಿಸಿ ವಿಚಾರಿಸಿ, ಬಿಲ್ ಕಟ್ಟಿದ ಮೇಲಲ್ಲ. ಟ್ರಸ್ಟಿಗೆ ಅರ್ಜಿ ಹಾಕುವವರು ಮೊದಲನೆಯದೂ ಸೇರಿ ಎಲ್ಲ ಸ್ಕ್ಯಾನಿಂಗ್ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಲಗತ್ತಿಸಬೇಕು. ಕಾಯಿಲೆಯಿಂದ ಹಾಜರಾತಿ ಕಡಿಮೆಯಾದ ವಿದ್ಯಾರ್ಥಿಗಳು ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡಿನ ಜೆರಾಕ್ಸ್ ಇಡಲಿ. ಮೂಲ ಕಾರ್ಡನ್ನು ಮನೆಯಲ್ಲೇ ಜೋಪಾನವಾಗಿಡಿ. ಹೊಟ್ಟೆಯ ಮೇಲೆ ಗಾಯದ ಗುರುತಿದ್ದರೆ ಮುಂದೆ ಯಾವ ವೈದ್ಯರಾದರೂ ಅಪೆಂಡಿಕ್ಸ್ ತೆಗೆದಿದ್ದಾರೆ ಎಂದುಕೊಳ್ಳಬಹುದು. ತೆಗೆದದ್ದು ಅಪೆಂಡಿಕ್ಸೋ, ಮೆಕೆಲ್ ಚೀಲವೋ, ಎರಡೂನೋ ಎಂಬುದು ಆ ಕಾರ್ಡಿನಲ್ಲಿರುತ್ತದೆ.